ಬಾಂಜ್ ಕಟ್ಟಿಗೆಯ ಬೆಂಕಿ

ನನ್ನ ಚಿಕ್ಕಪ್ಪನ ಮಗನೊಬ್ಬ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿದ್ದಾನೆ. 2024ರ ಜನವರಿಯಲ್ಲಿ ಅವನು ನಮಗೊಂದು ಚಿತ್ರ ಕಳುಹಿಸಿದ. ಹಿಮ ತುಂಬಿದ ಗುಡ್ಡ, ಬೂದಿಬಣ್ಣದ ನುಣುಪು ಕಾಂಡದ ಎತ್ತರದ ಮರಗಳು, ಅವುಗಳ ನಡುವೆ ಜಾರುಬಂಡಿಯ ಮೇಲೆ ಕುಳಿತು ಕಿರುಚುತ್ತಿರುವ ಅವನ ಇಬ್ಬರು ಮಕ್ಕಳು. ಮರದ ಹೆಸರು ಬೀಚ್ ಎಂದು ಕೆಳಗೆ ಬರೆದಿದ್ದ. ಸ್ವಾಬಿಯನ್ ಆಲ್ಬ್ ಎಂಬ ಬೆಟ್ಟಸಾಲು ಅವರ ಊರಿಗೆ ಹತ್ತಿರ. ರಜೆ ಬಂತೆಂದರೆ ಜನ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಆ ಕಾಡಿನಲ್ಲಿ ನಡೆಯಲು ಹೋಗುತ್ತಾರಂತೆ.

ನನ್ನ ಮಗಳಿಗೆ ಆಗ ಎಂಟು ವರ್ಷ. ಅವಳಿಗೆ ಬೀಚ್ ಎಂದರೆ ಜುಹುವಿನ ಮರಳು ಮತ್ತು ಭೇಲ್‌ಪುರಿ. “ಬೀಚಿನ ಮೇಲೆ ಹಿಮ ಹೇಗೆ ಬಿತ್ತು?” ಎಂದು ಕೇಳಿದಳು. ಅದು ಸಮುದ್ರತೀರವಲ್ಲ, ಮರ ಎಂದು ವಿವರಿಸಿದ ಮೇಲೆ ಇನ್ನೂ ಕಷ್ಟದ ಪ್ರಶ್ನೆ ಬಂತು: “ಇಂಥದ್ದು ನಮ್ಮ ದೇಶದಲ್ಲಿ ಇಲ್ಲವಾ ಅಪ್ಪಾ?”

ಘಣಸೋಲಿಯಲ್ಲಿರುವ ನಮ್ಮ ಬಳಗಕ್ಕೆ ಇಲ್ಲಿನ ವನವಿಹಾರದ ಮಿತಿ ಗೊತ್ತೇ ಇದೆ. ಮಳೆಗಾಲದಲ್ಲಿ ಗವಳಿದೇವ ಗುಡ್ಡಕ್ಕೆ ಹೋಗಿ ನೀರಿನಲ್ಲಿ ನೆನೆದು, ಕೆಸರು ಹೊತ್ತು ಮನೆಗೆ ಬರುವುದು; ಉಳಿದ ತಿಂಗಳುಗಳಲ್ಲಿ ಅದೇ ಗುಡ್ಡವನ್ನು ಕಿಟಕಿಯಿಂದ ನೋಡುವುದು. ಮಗಳ ಪ್ರಶ್ನೆಗೆ ಉತ್ತರ ಹುಡುಕಲು ನಾನು ಕಛೇರಿಯ ಊಟದ ವಿರಾಮಗಳನ್ನು ಖರ್ಚು ಮಾಡಿದೆ. ತಿಳಿದದ್ದು ಇಷ್ಟು. ಬೀಚ್ ನಮ್ಮ ಹಿಮಾಲಯದ ಮರವಲ್ಲ. ಅದು ಯುರೋಪಿನದು, ಜಪಾನಿನದು, ಅಮೆರಿಕೆಯದು. ಜಪಾನಿನ ಶಿರಕಾಮಿ ಬೆಟ್ಟಗಳ ಬೀಚ್ ಕಾಡು 1993ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಯುರೋಪಿನ ಹಳೆಯ ಬೀಚ್ ಕಾಡುಗಳು 2007ರಿಂದ ಒಂದೊಂದಾಗಿ ಸೇರುತ್ತ 2021ರ ಹೊತ್ತಿಗೆ 18 ದೇಶಗಳಿಗೆ ಹರಡಿದವು. ಆದರೆ ಬೀಚ್ ಮರಕ್ಕೆ ದಾಯಾದಿಗಳಿದ್ದಾರೆ. ಓಕ್ ಮತ್ತು ಚೆಸ್ಟ್‌ನಟ್ ಮರಗಳು ಅದೇ ಮನೆತನದವು. ಸಸ್ಯಶಾಸ್ತ್ರಜ್ಞರು ಇಡೀ ಮನೆತನಕ್ಕೆ ಬೀಚ್ ಮರದ ಲ್ಯಾಟಿನ್ ಹೆಸರಿನಿಂದಲೇ ಫೇಗೇಸೀ ಎಂದು ಕರೆದಿದ್ದಾರೆ. ಓಕ್ ಕಾಡು ಗಢವಾಲದಲ್ಲಿ ಬೇಕಾದಷ್ಟಿದೆ. ಅದರ ಮೇಲೆ ಹಿಮವೂ ಬೀಳುತ್ತದೆ.

ಗಢವಾಲ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ನಮ್ಮ ತಂದೆಯವರು ಪತ್ರಿಕೆಯನ್ನು ಮಡಚಿಟ್ಟರು. ಅವರಿಗೆ ಎಪ್ಪತ್ತೊಂದು ವರ್ಷ. ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದವರು, ತಾಯಿ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ಕೇದಾರ ನೋಡಬೇಕೆಂಬುದು ಅವರ ಬಹುದಿನದ ಆಸೆ, ಮೊಣಕಾಲು ಬೇಡವೆನ್ನುತ್ತದೆ. “ಮ್ಯಾಲಿನ ಕೇದಾರಕ್ಕ ಹತ್ತಾಕ ನನ್ನಿಂದ ಆಗೂದಿಲ್ಲಪಾ. ಚಳಿಗಾಲದಾಗ ಕೇದಾರಪ್ಪನ ಕೆಳಗ ಊಖೀಮಠಕ್ಕ ಇಳಿದು ಬರ್ತಾನಲ್ಲ, ಆವಾಗ ಹೋಗೂಣು” ಎಂದರು. ಮಗಳಿಗೆ ಹಿಮ, ತಂದೆಗೆ ಕೇದಾರ, ಎರಡೂ ಒಂದೇ ದಾರಿಯಲ್ಲಿ. ಹೀಗೆ 2025ರ ಶಿವರಾತ್ರಿಗೆ ನಾವು ನಾಲ್ವರು ಹೊರಟೆವು. ಫೆಬ್ರವರಿಯ ಕೊನೆಯಲ್ಲಿ, ವರ್ಷದ ಲೆಕ್ಕ ಮುಗಿಯುವ ಹೊತ್ತಿನಲ್ಲಿ, ಹತ್ತು ದಿನದ ರಜೆ ಕೇಳುವ ಗುಮಾಸ್ತನನ್ನು ಮೇಲಿನವರು ಹೇಗೆ ನೋಡುತ್ತಾರೆಂಬುದನ್ನು ಸರಕಾರಿ ನೌಕರಿಯವರಿಗೆ ನಾನು ಹೇಳಬೇಕಾಗಿಲ್ಲ. ಅರ್ಜಿಯಲ್ಲಿ “ತಂದೆಯವರ ತೀರ್ಥಯಾತ್ರೆ” ಎಂದು ಬರೆದೆ. ಜಾರುಬಂಡಿಯ ವಿಷಯ ಬರೆಯಲಿಲ್ಲ.

ಕಲ್ಯಾಣದಲ್ಲಿ ಹರಿದ್ವಾರದ ಗಾಡಿ ಹತ್ತಿ, ಒಂದು ಹಗಲು ಒಂದು ರಾತ್ರಿ ಕಳೆದು, ಹರಿದ್ವಾರದಿಂದ ಬಾಡಿಗೆ ಮೋಟಾರಿನಲ್ಲಿ ಹೊರಟೆವು. ದೇವಪ್ರಯಾಗದಲ್ಲಿ ಭಾಗೀರಥಿ ಅಲಕನಂದೆಯರು ಕೂಡುವುದನ್ನೂ ರುದ್ರಪ್ರಯಾಗದಲ್ಲಿ ಮಂದಾಕಿನಿ ಬಂದು ಸೇರುವುದನ್ನೂ ಮೇಲಿನ ರಸ್ತೆಯಿಂದಲೇ ನೋಡಿ ಕೈಮುಗಿದೆವು. ದಾರಿಯುದ್ದಕ್ಕೂ ಗುಡ್ಡಗಳ ಮೇಲೆ ಚೀಡ್ ಮರಗಳು, ಅಂದರೆ ಸೂಜಿಯೆಲೆಯ ಪೈನ್. ಕೆಳಗೆಲ್ಲ ಒಣಗಿದ ಸೂಜಿಗಳ ಕಂದು ಹಾಸು. ಬೇಸಿಗೆಯಲ್ಲಿ ಇದಕ್ಕೆ ಬೆಂಕಿ ತಗುಲಿದರೆ ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ ಎಂದು ಚಾಲಕ ಹೇಳಿದ. ನಾವು ನೋಡಬಂದ ಕಾಡು ಇದಲ್ಲ, ಇನ್ನೂ ಮೇಲೆ.

ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಫೆಬ್ರವರಿ 26ರ ಶಿವರಾತ್ರಿಯ ದಿನ ಕೇದಾರದ ಬಾಗಿಲು ತೆರೆಯುವ ಮುಹೂರ್ತವನ್ನು ಸಾರಿದರು: ಮೇ 2. ವಾದ್ಯಗಳ ಸದ್ದು, ಹೂವಿನ ಅಲಂಕಾರ, ನೂಕುನುಗ್ಗಲು. ವೀರಶೈವರ ಪಂಚಪೀಠಗಳಲ್ಲಿ ಕೇದಾರಪೀಠದ ನೆಲೆ ಈ ಊರು. ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಿನಿ, ಶ್ರೀಶೈಲ, ಕಾಶಿಗಳ ಸಾಲಿನದು. ಕೇದಾರದ ರಾವಲರೂ ಅರ್ಚಕರೂ ಸಂಪ್ರದಾಯದಿಂದ ದಕ್ಷಿಣದ ಜಂಗಮರು, ಹೆಚ್ಚಾಗಿ ನಮ್ಮ ಕನ್ನಡ ನಾಡಿನವರು. ಇದನ್ನು ನಾನು ಓದಿ ತಿಳಿದಿದ್ದೆ. ಆದರೆ ಆ ಗದ್ದಲದಲ್ಲಿ ಅರ್ಚಕರೊಬ್ಬರು ತಂದೆಯವರ ಹಣೆಯ ವಿಭೂತಿ ನೋಡಿ “ಯಾವ ಕಡೆಯವ್ರು ಯಜಮಾನ್ರು?” ಎಂದು ಕೇಳಿದಾಗ ತಂದೆಯವರು ಉತ್ತರ ಕೊಡಲಾರದೆ ನಿಂತುಬಿಟ್ಟರು. “ಹಾನಗಲ್ಲ” ಎಂಬ ಒಂದು ಶಬ್ದ ಹೊರಬರಲು ಅರ್ಧ ನಿಮಿಷ ಹಿಡಿಯಿತು. ಮುಂಬಯಿಗೆ ಬಂದ ಆರು ವರ್ಷದಲ್ಲಿ ಹೊರಗಿನವರು ಯಾರೂ ಅವರನ್ನು ಈ ಪ್ರಶ್ನೆ ಕನ್ನಡದಲ್ಲಿ ಕೇಳಿರಲಿಲ್ಲ.

ಮರುದಿನ, 27ರಂದು, ಜೀಪಿನಲ್ಲಿ ಸಾರಿ ಎಂಬ ಹಳ್ಳಿಗೆ ಹೋದೆವು. ಅದರ ಮೇಲೆ ದೇವರಿಯಾ ತಾಲ್ ಎಂಬ ಸರೋವರ, 2,438 ಮೀಟರ್ ಎತ್ತರದಲ್ಲಿ. ಇನ್ನೂ ಮುಂದೆ ಚೋಪ್ತಾ, ತುಂಗನಾಥ, ಚಂದ್ರಶಿಲಾ. ಹಿಮದಲ್ಲಿ ಓಡಾಡಬೇಕೆನ್ನುವ ಬಯಲುಸೀಮೆಯವರಿಗೆಲ್ಲ ಈಗ ಇದೇ ದಾರಿ. ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟ ಬೇಕಾದವರು ಔಲಿಗೆ ಹೋಗುತ್ತಾರೆ. ಅದಕ್ಕೆ ಬೇಕಾದ ದುಡ್ಡಾಗಲಿ ಮೊಣಕಾಲಾಗಲಿ ನಮ್ಮಲ್ಲಿರಲಿಲ್ಲ.

ಸಾರಿಯಲ್ಲಿ ಒಂದು ಮನೆಯ ಮೇಲಂತಸ್ತು ನಮ್ಮ ಬಿಡಾರ. ಮನೆಯ ಯಜಮಾನ ಮೂವತ್ತರ ತರುಣ, ಜೊತೆಗೆ ಅವನ ತಾಯಿ, ಹೆಂಡತಿ, ಒಂದು ಮಗು, ಎರಡು ಆಕಳು. ಪಕ್ಕದ ಕೋಣೆಯಲ್ಲಿ ದಿಲ್ಲಿಯಿಂದ ಬಂದ ನಾಲ್ವರು ಹುಡುಗರು. ಸಂಜೆಯಾದೊಡನೆ ಎಲುಬು ಕೊರೆಯುವ ಚಳಿ. “ಅಂಗಳದಲ್ಲಿ ಬೆಂಕಿ ಹಾಕೋಣವೇ? ಎರಡು ಹೊರೆಗೆ ಆರುನೂರು ರೂಪಾಯಿ” ಎಂದು ತರುಣ ಹಿಂದಿಯಲ್ಲಿ ಕೇಳಿದ. ದಿಲ್ಲಿಯವರು ಅರ್ಧ, ನಾವು ಅರ್ಧ. ಮಾತು ಮುಗಿಯಿತು. ಆ ಬೆಂಕಿಯ ಸೊಗಸನ್ನು ಏನೆಂದು ಹೇಳಲಿ! ಹೊಗೆ ಕಡಿಮೆ, ಕೆಂಡ ಕೆಂಪಗೆ ಗಟ್ಟಿ. ಹುಡುಗರು ಹಾಡಿದರು, ಮಗಳು ಸುತ್ತಲೂ ಕುಣಿದಳು, ನನ್ನ ಹೆಂಡತಿ ತನ್ನ ಹೊಸ ಉಣ್ಣೆಯ ಟೊಪ್ಪಿಗೆಯಲ್ಲಿ ಚಿತ್ರ ತೆಗೆಸಿಕೊಂಡಳು. ತಂದೆಯವರು ಮಾತ್ರ ಒಂದು ತುಂಡು ಕಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತ ಕುಳಿತಿದ್ದರು.

“ಯಾವ ಗಿಡದ ಕಟ್ಟಿಗಿ ಇದು, ಕೇಳು.”

“ಬಾಂಜ್” ಎಂದ ತರುಣ. ಅದೇ ಓಕ್. ನಾನು ಇಷ್ಟು ದೂರ ನೋಡಲೆಂದು ಬಂದ ಮರವನ್ನು ಮೊದಲು ಕಂಡದ್ದು ಉರಿಯುವ ಬೆಂಕಿಯಲ್ಲಿ.

“ಭಾಳ ಕಾವಿನ ಕಟ್ಟಿಗಿ. ಯಾರು ಹೊತ್ತು ತರ್ತಾರ?”

ತರುಣ ಒಳಗೆ ರೊಟ್ಟಿ ಬೇಯಿಸುತ್ತಿದ್ದ ತಾಯಿಯ ಕಡೆ ಕೈ ತೋರಿಸಿದ. ಬೆಳಿಗ್ಗೆ ಹೋದರೆ ಒಂದು ಹೊರೆಗೆ ಮಧ್ಯಾಹ್ನವಾಗುತ್ತದೆ. ಚಳಿಗಾಲಕ್ಕೆಂದು ಮಳೆ ಮುಗಿದಾಗಿನಿಂದಲೇ ಒಟ್ಟಿಡುತ್ತಾರೆ. ಲೆಕ್ಕದ ಗುಮಾಸ್ತನಾದ ನಾನು ಲೆಕ್ಕ ಹಾಕದೆ ಇರಲಾರೆ: ಎರಡು ಹೊರೆ, ಎರಡು ಬೆಳಗಿನ ದುಡಿಮೆ, ನಾವು ಸುಟ್ಟದ್ದು ಎರಡು ತಾಸಿನಲ್ಲಿ.

ಆ ರಾತ್ರಿ ಮಳೆ ಹಿಡಿಯಿತು. 28ರ ಬೆಳಿಗ್ಗೆ ಮೇಲಿನ ಗುಡ್ಡಗಳೆಲ್ಲ ಬೆಳ್ಳಗೆ, ಹೊತ್ತೇರಿದಂತೆ ನಮ್ಮ ಹಳ್ಳಿಯ ಚಾವಣಿಗಳ ಮೇಲೂ ಹಿಮ. ಮಗಳು ಅಂಗಳಕ್ಕೆ ಹಾರಿ, ಬಿದ್ದು, ಎದ್ದು, ಹಿಮವನ್ನು ಬಾಯಿಗೆ ಹಾಕಿಕೊಂಡು “ಫ್ರಿಜ್ಜಿನ ವಾಸನೆ ಇದೆ” ಎಂದಳು. ಹಳ್ಳಿಯ ಮಕ್ಕಳು ಅವಳನ್ನು ತಮ್ಮ ಗುಂಪಿಗೆ ಸೇರಿಸಿಕೊಂಡು, ಗೊಬ್ಬರದ ಖಾಲಿ ಚೀಲಗಳ ಮೇಲೆ ಕುಳಿತು ಮೆಟ್ಟಿಲುಗದ್ದೆಯ ಏರಿಯಿಂದ ಜಾರುವುದನ್ನು ಕಲಿಸಿದರು. ಸ್ಟುಟ್‌ಗಾರ್ಟಿನ ಜಾರುಬಂಡಿಯ ಬೆಲೆ ನನಗೆ ತಿಳಿಯದು. ಇದಕ್ಕೆ ಬಿಡಿಗಾಸೂ ಬೇಡ.

ಮಧ್ಯಾಹ್ನದ ಹೊತ್ತಿಗೆ ವಿದ್ಯುತ್ ಹೋಯಿತು, ಫೋನು ಸತ್ತಿತು, ರಸ್ತೆ ಮುಚ್ಚಿತು. ಚೋಪ್ತಾದಲ್ಲಿ ಗುಡಾರಕ್ಕೆಂದು ಮುಂಗಡ ಕೊಟ್ಟಿದ್ದ ಹಣವೂ ಹೋಯಿತು. ಸಂಜೆ ತಂದೆಯವರಿಗೆ ನಡುಕ ಹತ್ತಿತು. ಮೂರು ರಜಾಯಿ ಹೊದಿಸಿದರೂ ನಿಲ್ಲಲಿಲ್ಲ. ಹಲ್ಲು ಕಡಿಯುತ್ತ, ಏನು ಕೇಳಿದರೂ “ಏನಿಲ್ಲ” ಎನ್ನುತ್ತಿದ್ದರು. ಊಖೀಮಠದ ಆಸ್ಪತ್ರೆ ನೆನಪಾಯಿತು, ರಸ್ತೆ ನೆನಪಾಯಿತು, ನನ್ನ ಮೂರ್ಖತನ ನೆನಪಾಯಿತು. ಮಗುವಿನ ಆಟಕ್ಕೆಂದು ಎಪ್ಪತ್ತು ದಾಟಿದವರನ್ನು ಹಿಮಕ್ಕೆ ಎಳೆದು ತಂದೆನಲ್ಲ ಎಂದು ಎದೆ ಒಣಗಿತು.

ಆಗ ಆ ತಾಯಿ ಮೇಲೆ ಬಂದರು. ನಮ್ಮ ಯಾರ ಅನುಮತಿಯನ್ನೂ ಕೇಳದೆ ತಂದೆಯವರ ಕೈಹಿಡಿದು ಕೆಳಗೆ ಅಡಿಗೆಮನೆಗೆ ಕರೆದೊಯ್ದು ಒಲೆಯ ಮಗ್ಗುಲಿಗೆ ಕೂರಿಸಿದರು. ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿ ಅವರ ಕಾಲ ಹತ್ತಿರ ಇಟ್ಟರು. ಬೆಲ್ಲ ಹಾಕಿದ ಬಿಸಿನೀರು ಕುಡಿಸಿದರು. ಒಂದು ತಾಸಿಗೆ ನಡುಕ ನಿಂತಿತು. ರಾತ್ರಿಯೆಲ್ಲ ಒಲೆಗೆ ಆಗಾಗ ಒಂದೊಂದು ತುಂಡು ಹಾಕುತ್ತ ಅವರು ಎಚ್ಚರವಾಗಿಯೇ ಇದ್ದರು. ನಾನೂ ಅಲ್ಲೇ ಗೋಡೆಗೊರಗಿದ್ದೆ. ಒಟ್ಟಿದ ಕಟ್ಟಿಗೆ ಮೂಲೆಯಲ್ಲಿ ಎಷ್ಟು ಉಳಿದಿದೆಯೆಂದು ಕಣ್ಣು ಪದೇ ಪದೇ ಅಲ್ಲಿಗೇ ಹೋಗುತ್ತಿತ್ತು. ಹಿಂದಿನ ಸಂಜೆ ಕುಣಿಯುತ್ತ ಸುಟ್ಟದ್ದು ಇದೇ ಒಟ್ಟಿನದು.

ಮಾರ್ಚ್ 1ರಂದು ಆಕಾಶ ತೊಳೆದಿಟ್ಟಂತಾಯಿತು. ತಂದೆಯವರು ಒಲೆಯ ಬಳಿ ಸುಖವಾಗಿ ಕುಳಿತು, ನಮ್ಮನ್ನು “ಹೋಗಿ ಬರ್ರಿ” ಎಂದು ಅಟ್ಟಿದರು. ನಾವು ಮೂವರೂ ಮನೆಯ ತರುಣನ ಜೊತೆ ದೇವರಿಯಾ ತಾಲಿಗೆ ಹೊರಟೆವು. ಮೂರು ಕಿಲೋಮೀಟರಿಗೂ ಕಡಿಮೆ ದಾರಿ. ಹಿಮದಲ್ಲಿ ನಮಗೆ ಮೂರು ತಾಸು ಹಿಡಿಯಿತು.

ಬಾಂಜ್ ಕಾಡನ್ನು ಈಗ ನೆಟ್ಟಗೆ ಕಂಡೆ. ಬೀಚ್ ಮರದ ಹಾಗೆ ನೆಟ್ಟನೆಯ ಕಂಬವಲ್ಲ ಇದು. ಡೊಂಕು, ಗಂಟು, ತೊಗಟೆಯ ತುಂಬ ಪಾಚಿ ಮತ್ತು ಜರೀಗಿಡ. ಮುದುಕರ ಕೈಬೆರಳುಗಳಂಥ ಕೊಂಬೆಗಳು. ಬೀಚ್ ಚಳಿಗಾಲದಲ್ಲಿ ಎಲೆಯುದುರಿಸಿ ಬೋಳಾಗುತ್ತದೆ, ಬಾಂಜ್ ಆ ಕಾಲದಲ್ಲೂ ಹಸಿರು. ಎಲೆಯ ಮೇಲ್ಭಾಗ ಕಡುಹಸಿರು, ಅಡಿಭಾಗ ಬಿಳಿ. ಗಾಳಿ ಬೀಸಿದಾಗ ಇಡೀ ಇಳಿಜಾರು ಒಮ್ಮೆಲೆ ಬೆಳ್ಳಿಯಾಗಿ ಮತ್ತೆ ಹಸಿರಾಗುತ್ತದೆ. ನಡುನಡುವೆ ಬುರಾಂಶ್ ಮರಗಳು. ಒಂದೆರಡು ಆಗಲೇ ಕೆಂಪು ಹೂಗೊಂಚಲು ಬಿಟ್ಟು, ಅದರ ಮೇಲೂ ಹಿಮ ಕುಳಿತಿತ್ತು. ಇನ್ನೂ ಎತ್ತರಕ್ಕೆ ಹೋದರೆ ಬಾಂಜ್ ಹೋಗಿ ಮೋರು, ಅದರ ಮೇಲೆ ಖರ್ಸು ಎಂಬ ಓಕ್‌ಗಳು ಬರುತ್ತವೆ. ಖರ್ಸುವಿನ ಎಲೆಯ ಅಡಿ ಕಂದು. ಅದರ ಬೀಜ ಮಳೆಗಾಲದಲ್ಲಿ ಮಾಗಿ, ಒಮ್ಮೊಮ್ಮೆ ಮರದ ಮೇಲೇ ಮೊಳಕೆಯೊಡೆಯುತ್ತದೆ. ಬಿದ್ದ ಕೂಡಲೆ ನೆಲ ಹಿಡಿಯದಿದ್ದರೆ ಕೆಟ್ಟಿತು. ದನದ ಬಾಯಿ, ಕೊಡಲಿ, ಒಣ ನೆಲ ಇವುಗಳ ನಡುವೆ ಖರ್ಸುವಿನ ಎಳೆಗಿಡಗಳು ಅಪರೂಪವಾಗುತ್ತಿವೆ.

ಕಾಲಡಿಯ ಹಿಮ ಕೆದಕಿದರೆ ಅಂಗೈ ದಪ್ಪದ ಕೊಳೆತ ಎಲೆಯ ಹಾಸು, ಒದ್ದೆ ಅರಿವೆಯಂತೆ. ಹಿಮ ಮರದ ನೆರಳಿನಲ್ಲಿ ನಿಧಾನವಾಗಿ ಕರಗಿ, ಈ ಹಾಸಿನಲ್ಲಿ ಇಂಗಿ, ಕೆಳಗೆ ಸಾರಿಯ ಒರತೆಗೆ ಇಳಿಯುತ್ತದೆ. ಚೀಡ್ ಕಾಡಿನ ಕೆಳಗೆ ಇಂಥ ಒರತೆ ಇರುವುದಿಲ್ಲವೆಂದು ತರುಣ ಹೆಮ್ಮೆಯಿಂದ ಹೇಳಿದ. ನಮ್ಮ ಕಡೆ ಹೊಸ ಸೊಸೆಯ ತವರನ್ನು ಹೊಗಳುವ ಹಾಗೆ ಇಲ್ಲಿನವರು ಬಾಂಜ್ ಬುಡದ ನೀರನ್ನು ಹೊಗಳುತ್ತಾರೆ.

ಅರ್ಧ ದಾರಿಯಲ್ಲಿ ಐದಾರು ಹೆಂಗಸರು ಎದುರಾದರು. ಸೊಂಟಕ್ಕೆ ಕುಡುಗೋಲು, ಬೆನ್ನಿಗೆ ಹಗ್ಗದಿಂದ ಬಿಗಿದ ಬಾಂಜ್ ಸೊಪ್ಪಿನ ಹೊರೆ. ಹುಲ್ಲು ಹಿಮದಡಿ ಮುಚ್ಚಿಹೋದಾಗ ದನಕ್ಕೆ ಇದೇ ಮೇವು, ಕೊಟ್ಟಿಗೆಗೆ ಇದೇ ಹಾಸು, ಗದ್ದೆಗೆ ಇದೇ ಗೊಬ್ಬರ. ಒಬ್ಬಾಕೆ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ನಾನು ಗಂಡಸುತನ ತೋರಿಸಲು ಹೋಗಿ ಅದನ್ನು ಬೆನ್ನಿಗೇರಿಸಿಕೊಂಡೆ. ಎರಡು ಹೆಜ್ಜೆಗೆ ಹೊರೆಯೂ ನಾನೂ ಬೇರೆ ಬೇರೆ ದಿಕ್ಕಿಗೆ ಬಿದ್ದೆವು. ಆ ಹೆಂಗಸರು ನಕ್ಕ ನಗೆ ಕಣಿವೆಯ ಆಚೆ ದಂಡೆಗೂ ಕೇಳಿಸಿರಬೇಕು. ನನ್ನ ಹೆಂಡತಿ ಅವರ ಜೊತೆ ಸೇರಿ ನಕ್ಕದ್ದು ಸ್ವಲ್ಪ ಹೆಚ್ಚಾಯಿತೆಂದು ಇಂದಿಗೂ ನನ್ನ ಅಭಿಪ್ರಾಯ.

ಸರೋವರದ ಅಂಚು ಹೆಪ್ಪುಗಟ್ಟಿತ್ತು. ನಡುವಿನ ನೀರಿನಲ್ಲಿ 7,138 ಮೀಟರಿನ ಚೌಖಂಬಾ ನಾಲ್ಕು ಕಂಬಗಳ ಸಮೇತ ತಲೆಕೆಳಗಾಗಿ ನಿಂತಿತ್ತು. ಅಲ್ಲಿ ಕುಳಿತು ಚಪಾತಿ ತಿನ್ನುವಾಗ ತರುಣ ಇದೇ ಗುಡ್ಡಗಳ ಇನ್ನೊಂದು ಕಥೆ ಹೇಳಿದ. ನಾನು ಪುಸ್ತಕದಲ್ಲಿ ಓದಿದ್ದು ಅವನ ಬಾಯಲ್ಲಿ ಊರಿನ ಸುದ್ದಿಯಾಗಿತ್ತು. ಚೋಪ್ತಾ ದಾಟಿ ಗೋಪೇಶ್ವರಕ್ಕೆ ಹೋಗುವ ದಾರಿಯಲ್ಲಿ ಮಂಡಲ ಎಂಬ ಊರಿದೆ. 1973ರಲ್ಲಿ ಅಲ್ಲಿಯವರು ನೊಗ ನೇಗಿಲಿಗೆಂದು ಕೆಲವು ಅಂಗು ಮರ ಕೇಳಿದರು. ಅಂಗು ಗಟ್ಟಿ, ಆದರೂ ಹಗುರ. ಎತ್ತಿನ ಹೆಗಲಿಗೆ ಹಿತ. ಅರಣ್ಯ ಇಲಾಖೆ ಇಲ್ಲವೆಂದಿತು. ಅದೇ ಮರಗಳನ್ನು ಅಲಹಾಬಾದಿನ ಸೈಮಂಡ್ಸ್ ಎಂಬ ಆಟದ ಸಾಮಾನಿನ ಕಂಪನಿಗೆ ಕೊಟ್ಟಿತು, ಟೆನಿಸ್ ಬ್ಯಾಟು ಮುಂತಾದವಕ್ಕೆ. ಚಂಡೀಪ್ರಸಾದ ಭಟ್ಟರ ದಶೋಲಿ ಗ್ರಾಮ ಸ್ವರಾಜ್ಯ ಸಂಘದವರೂ ಹಳ್ಳಿಯವರೂ ಏಪ್ರಿಲಿನಲ್ಲಿ ಡೋಲು ಬಡಿಯುತ್ತ ಕಾಡಿಗೆ ನಡೆದರು, ಕಂಪನಿಯವರು ಹಿಂದಿರುಗಿದರು. ಮುಂದೆ ಅದೇ ಕಂಪನಿಗೆ ಕೇದಾರದ ದಾರಿಯ ಫಾಟಾದಲ್ಲಿ ಮರ ಗೊತ್ತುಮಾಡಿದಾಗ ಅಲ್ಲಿಯೂ ಜನ ಅಡ್ಡ ನಿಂತರು. 1974ರ ಮಾರ್ಚ್ 26ರಂದು ರೇಣಿಯಲ್ಲಿ ಗಂಡಸರು ಊರಲ್ಲಿಲ್ಲದ ಹೊತ್ತು ನೋಡಿ ಕೊಡಲಿ ಬಂದಾಗ ಗೌರಾದೇವಿ ಹೆಂಗಸರನ್ನು ಕರೆದುಕೊಂಡು ಹೋದದ್ದು ಎಲ್ಲರಿಗೂ ತಿಳಿದಿದೆ. ಒಂಬತ್ತು ವರ್ಷದ ಮೇಲೆ, 1983ರ ಸೆಪ್ಟೆಂಬರ್ 8ರಂದು, ಶಿರಸಿಯ ಹತ್ತಿರ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡರು. ನಮ್ಮ ಹಾನಗಲ್ಲಿಗೆ ಶಿರಸಿ ನೆರೆಯ ತಾಲೂಕು. ಅಪ್ಪಿಕೋ ಹೆಸರು ಹೇಳಿದೊಡನೆ ತರುಣ ನನ್ನ ಕೈ ಕುಲುಕಿದ. ಟೆನಿಸ್ ಬ್ಯಾಟಿನ ವಿಷಯದಲ್ಲಿ ಮಾತ್ರ ನಾನು ಮಾತು ಬೆಳೆಸಲಿಲ್ಲ. ಮೊನ್ನೆಯ ಸಂಜೆಯ ಬೆಂಕಿಯೂ ಆಟದ ಸಾಮಾನೇ ಆಗಿತ್ತಲ್ಲ.

ಆಡಲು ಬರುವವರನ್ನು ಬೆಟ್ಟ ಎಷ್ಟು ತಡೆದೀತು ಎಂಬ ಚರ್ಚೆ ಅಲ್ಲಿ ಹೊಸದಲ್ಲ. ಓಕ್ ಕಾಡಿನ ಮೇಲೆ, ಹಿಮಶಿಖರಗಳ ಕೆಳಗೆ ಬುಗ್ಯಾಲ್ ಎಂಬ ಹುಲ್ಲುಗಾವಲುಗಳಿವೆ. ಗುಡಾರಗಳ ಹಾವಳಿ ಹೆಚ್ಚಾದಾಗ ಉತ್ತರಾಖಂಡದ ಹೈಕೋರ್ಟು 2018ರ ಆಗಸ್ಟಿನಲ್ಲಿ ಅಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು.

ಸಂಜೆ ಫೋನುಗಳು ಜೀವ ಪಡೆದಾಗ ಮೊದಲು ಬಂದ ಸುದ್ದಿ ಮಾಣಾದ್ದು. ಚೌಖಂಬಾದ ಆಚೆ ಮಗ್ಗುಲಿಗೆ, ಬದರಿಯ ಬಳಿ, ನಮ್ಮ ಮಗಳು ಗೊಬ್ಬರದ ಚೀಲದ ಮೇಲೆ ಜಾರುತ್ತಿದ್ದ ಅದೇ ಬೆಳಿಗ್ಗೆ ಹಿಮಪಾತವಾಗಿ ರಸ್ತೆ ಕೆಲಸದ 54 ಮಂದಿ ಅದರಡಿ ಸಿಕ್ಕಿದ್ದರು. ಸೈನ್ಯದವರೂ ಇತರರೂ 46 ಜನರನ್ನು ಬದುಕಿಸಿದರು. 8 ಮಂದಿ ಹೋದರು. ಹಿಮ ಕಡಿದು ರಸ್ತೆ ತೆರೆಯುವವರು ಅವರು. ಆ ರಾತ್ರಿ ದಿಲ್ಲಿಯ ಹುಡುಗರೂ ಹಾಡಲಿಲ್ಲ.

ಹೊರಡುವ ಮುನ್ನ ನಾನು ಆರುನೂರು ರೂಪಾಯಿ ತೆಗೆದು ಆ ತಾಯಿಯ ಕೈಗಿಡಲು ಹೋದೆ, ಒಲೆಯ ಎರಡು ರಾತ್ರಿಯ ಕಟ್ಟಿಗೆಗೆಂದು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಅದು ಒಲೆಯ ಬೆಂಕಿ, ಅದಕ್ಕೆ ಬೆಲೆಯಿಲ್ಲ. ಅಂಗಳದ್ದು ಬೇರೆ ಎಂದರು. ಇನ್ನು ಮುಂದೆ ಬರುವ ನಮ್ಮವರಿಗೆ ಅಂಗಳದ ಬೆಂಕಿ ಬೇಡವೆಂದು ಹೇಳುತ್ತೇನೆ ಎಂದೆ, ದೊಡ್ಡಸ್ತಿಕೆಯಿಂದ. ತರುಣ ಸುಮ್ಮನೆ ನಕ್ಕು, “ಹೇಳಿ. ಆದರೆ ಆ ಆರುನೂರರಲ್ಲೇ ಮಗುವಿನ ಶಾಲೆಯ ಫೀಸು” ಎಂದ. ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಕೊನೆಗೆ ನನ್ನ ಹೆಂಡತಿ, ಅವರು ಮಾಡಿಟ್ಟಿದ್ದ ಬುರಾಂಶ್ ಹೂವಿನ ಶರಬತ್ತಿನ ಶೀಷೆಗಳನ್ನೂ ಮನೆಯ ರಾಜ್ಮಾವನ್ನೂ ಹೊರಲಾರದಷ್ಟು ಕೊಂಡು ಲೆಕ್ಕ ಸರಿಮಾಡಿದಳು. ರಾಜ್ಮಾ ಇನ್ನೂ ಮುಗಿದಿಲ್ಲ.

ಘಣಸೋಲಿಗೆ ಬಂದು, ಮಗಳು ಗೊಬ್ಬರದ ಚೀಲದ ಮೇಲಿರುವ ಚಿತ್ರವನ್ನೂ ಬಾಂಜ್ ಎಲೆಯ ಎರಡು ಮಗ್ಗುಲನ್ನೂ ಸ್ಟುಟ್‌ಗಾರ್ಟಿಗೆ ಕಳುಹಿಸಿದೆ. ಒಲೆಯ ಕಥೆಯನ್ನೂ ಬರೆದೆ. ತಮ್ಮ ಕೂಡಲೆ ಉತ್ತರಿಸಿದ: ಅವರ ಮನೆಯಲ್ಲೂ ಚಳಿಗಾಲದ ಒಲೆಗೆ ಬೀಚ್ ಕಟ್ಟಿಗೆಯೇ ಹಾಕುವುದು, ಕಾವು ಚೆನ್ನಾಗಿರುತ್ತದೆ, ಅಂಗಡಿಯಲ್ಲಿ ಒಣಗಿಸಿ ಚೀಲ ತುಂಬಿ ಮಾರುತ್ತಾರೆ. ಅದನ್ನು ಓದಿ ಹೇಳಿದಾಗ ತಂದೆಯವರು ಕನ್ನಡಕ ತೆಗೆದರು.

“ಕಾಡಿನಿಂದ ಯಾರು ಹೊತ್ತು ತರ್ತಾರ, ಅದನ್ನ ಕೇಳು.”

ಕೇಳಿದ್ದೇನೆ. ವಿಚಾರಿಸಿ ಬರೆಯುತ್ತೇನೆ ಎಂದಿದ್ದಾನೆ.